ಬಣ್ಣ ಆಮೇಲೆ, ಮೊದಲು ಬ್ರೇಕು

ಅಜ್ಜನೋ ಮಾವನೋ ಕೊಂಡಿದ್ದ ಕಾರು ವರ್ಷಗಟ್ಟಲೆ ಹಿತ್ತಲಲ್ಲಿ ನಿಂತಿದೆ, ಅದನ್ನು ಮನೆಯಲ್ಲೇ ರಿಪೇರಿ ಮಾಡಿ ಮತ್ತೆ ಓಡಿಸಬೇಕು ಎಂದು ನೀವು ಮನಸ್ಸು ಮಾಡಿದ್ದೀರಿ. ಒಳ್ಳೆಯದು, ಮಾಡಿ. ಮೋಡಕಾದವನಿಗೆ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವವರೇ ಹೆಚ್ಚಾಗಿರುವಾಗ ನಿಮ್ಮಂಥವರು ಬೇಕು. ಆದರೆ ಕೈಯಲ್ಲಿ ಬಣ್ಣದ ಕಾರ್ಡು ಹಿಡಿದು ಕೂತಿದ್ದೀರಲ್ಲ, ಅದನ್ನು ಸದ್ಯಕ್ಕೆ ಒಳಗಿಡಿ. ಕೆಂಪು ಹೊಡೆಸಬೇಕೋ ಬಿಳಿ ಹೊಡೆಸಬೇಕೋ ಎಂಬುದು ಎಲ್ಲಕ್ಕಿಂತ ಕೊನೆಯ ಮಾತು. ನಿಂತ ಗಾಡಿಗೆ ಮೊದಲು ಬೇಕಾದದ್ದು ಗಟ್ಟಿ ಚಾಸಿ, ಆಮೇಲೆ ನಂಬಿಕೆಯ ಬ್ರೇಕು, ಆಮೇಲೆ ಎಂಜಿನ್ನು. ಈ ಸಾಲು ತಪ್ಪಿಸಿದವರು ದುಡ್ಡು ಕಳೆದುಕೊಳ್ಳುತ್ತಾರೆ, ಕೆಲವೊಮ್ಮೆ ಜೀವವನ್ನೂ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಹಳೆಯ ಕಾರೆಂದರೆ ಹೆಚ್ಚಾಗಿ ಅಂಬಾಸಿಡರ್, ಇಲ್ಲವೇ ಫಿಯೆಟ್. ಅವುಗಳ ಮೈ ಬಲ್ಲ ಹಿರಿಯ ಮಿಸ್ತ್ರಿಗಳು ಇನ್ನೂ ಸಿಗುತ್ತಾರೆ, ಬಿಡಿಭಾಗಗಳೂ ಹುಡುಕಿದರೆ ಸಿಗುತ್ತವೆ. ಆ ಕಾರುಗಳಿರುವವರಿಗೂ ನನ್ನ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಅನ್ವಯಿಸುತ್ತದೆ. ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಸ್ಟ್ಯಾಂಡರ್ಡ್ ಹೆರಾಲ್ಡ್ ಇರುವವರಿಗೆ. ಏಕೆಂದರೆ ಅದನ್ನು ‘ಸ್ಪೋರ್ಟ್ಸ್ ಕಾರು’ ಮಾಡುವ ಆಸೆಯಲ್ಲಿ ಹಾಳು ಮಾಡುವವರೇ ಜಾಸ್ತಿ.

ಹೆರಾಲ್ಡ್ ಮೂಲತಃ ಇಂಗ್ಲೆಂಡಿನ ಟ್ರಯಂಫ್ ಕಾರು. 1959ರಲ್ಲಿ ಹೊರಬಂತು. ಅದರ ರೂಪ ಬರೆದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನು ನಮ್ಮ ದೇಶದಲ್ಲಿ ತಯಾರಿಸಿತು. ಮೊದಲು ಎರಡೇ ಬಾಗಿಲು ಇದ್ದವು, 60ರ ದಶಕದ ಕೊನೆಯಲ್ಲಿ ನಾಲ್ಕು ಬಾಗಿಲಿನದು ಬಂತು. 948 ಸಿಸಿಯ ಪುಟ್ಟ ಎಂಜಿನ್ನು. ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ ಅದರ ಮೇಲೆ 1962ರಲ್ಲಿ ಕಟ್ಟಿದ್ದು ಟ್ರಯಂಫ್ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರು. ಹಾಗಾಗಿ ನಿಮ್ಮ ಹಿತ್ತಲಲ್ಲಿರುವುದು ಸ್ಪಿಟ್‌ಫೈರ್‌ನ ಒಡಹುಟ್ಟು. ಅದನ್ನು ಇನ್ನೊಂದು ಮಾಡಲು ಹೋಗಬೇಡಿ, ಅದು ಏನಿದೆಯೋ ಅದೇ ಸಾಕು.

ಮೊದಲ ಕೆಲಸ ಪಾನಾ ಹಿಡಿಯುವುದಲ್ಲ, ಕಾಗದ ಹುಡುಕುವುದು. ಆರ್‌ಸಿ ಪುಸ್ತಕ ಯಾರ ಹೆಸರಿನಲ್ಲಿದೆ? ಅಜ್ಜನ ಹೆಸರಿನಲ್ಲಿದ್ದು ಅಜ್ಜ ಇಲ್ಲವೆಂದರೆ ವಾರಸುದಾರರ ಹೆಸರಿಗೆ ವರ್ಗ ಮಾಡಲು ಫಾರ್ಮ್ 31 ಹಾಕಬೇಕು. ಅದಕ್ಕೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರ ಒಪ್ಪಿಗೆ ಬೇಕಾಗುತ್ತದೆ. ಕಾರು ತುಕ್ಕು ಹಿಡಿದು ಕೂತಿರುವಾಗ ಎಲ್ಲರೂ ಸುಲಭವಾಗಿ ಸಹಿ ಹಾಕುತ್ತಾರೆ. ಮಿರಿಮಿರಿ ಮಿಂಚುವ ಹಾಗಾದ ಮೇಲೆ ಪಾಲು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ, ಈಗಲೇ ಸಹಿ ಮಾಡಿಸಿಕೊಳ್ಳಿ. ಜಮಖಂಡಿಯಲ್ಲೇ ಆರ್‌ಟಿಒ ಕಚೇರಿ ಇದೆ, ಕೆಎ 48 ಅಲ್ಲಿಯದೇ ಸರಣಿ. ಒಮ್ಮೆ ಹೋಗಿ ಬಾಕಿ ತೆರಿಗೆ ಏನಿದೆ, ಹಳೆಯ ದಾಖಲೆ ಯಾವ ಕಚೇರಿಯಲ್ಲಿದೆ ಎಂದು ಕೇಳಿ ಬನ್ನಿ. ಚಾಸಿ ನಂಬರು, ಎಂಜಿನ್ ನಂಬರು ಕೆತ್ತಿರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ. ಆ ಅಂಕಿ ಅಳಿಸಿಹೋದರೆ ನಿಮ್ಮ ಕಾರು ಕಾನೂನಿನ ಕಣ್ಣಿಗೆ ಅನಾಥ.

ಇನ್ನು ಕಾರಿನ ಹತ್ತಿರ ಹೋಗುವ ರೀತಿ. ಕಬ್ಬಿನ ಗದ್ದೆಯ ಅಂಚಿನಲ್ಲಿ, ಕಣಿಕೆ ಬಣವೆಯ ಪಕ್ಕದಲ್ಲಿ ನಿಂತ ಗಾಡಿಯೊಳಗೆ ಇಲಿ ಇರುತ್ತದೆ, ಇಲಿ ಇದ್ದಲ್ಲಿ ಹಾವು ಬರುತ್ತದೆ. ಸೀಟಿನ ಕೆಳಗೆ ಬರಿಗೈ ಹಾಕುತ್ತೀರಲ್ಲ, ಎಂಥ ಧೈರ್ಯ ನಿಮ್ಮದು! ಕೋಲಿನಿಂದ ಬಡಿಯಿರಿ, ಬಾಗಿಲು ತೆರೆದಿಟ್ಟು ಹಗಲಿನಲ್ಲಿ ಒಂದಷ್ಟು ಹೊತ್ತು ಬಿಡಿ, ದಪ್ಪ ಕೈಗವಸು ಹಾಕಿಕೊಳ್ಳಿ. ಬಾನೆಟ್ ತೆರೆಯುವಾಗಲೂ ಇದೇ ಎಚ್ಚರ. ಹೆರಾಲ್ಡಿನ ಬಾನೆಟ್ಟು ಉಳಿದ ಕಾರುಗಳ ಹಾಗಲ್ಲ. ಎರಡೂ ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ, ಎಂಜಿನ್ನು, ಮುಂದಿನ ಚಕ್ರ, ಸ್ಟೀರಿಂಗು ಎಲ್ಲವೂ ಕಣ್ಣೆದುರು ಬರುತ್ತವೆ. ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದಾದ ಕಾರು ಇದು. ಮನೆಯಲ್ಲಿ ಕೆಲಸ ಕಲಿಯುವವರಿಗೆ ಇಷ್ಟು ಅನುಕೂಲದ್ದು ಮತ್ತೊಂದಿಲ್ಲ. ಆದರೆ ತುಕ್ಕು ಹಿಡಿದ ತಿರುಗಣಿಯನ್ನು ಜೋರಾಗಿ ಎಳೆದರೆ ತಗಡು ಹರಿಯುತ್ತದೆ, ನಿಧಾನ.

ನಮ್ಮದು ಎರೆಭೂಮಿ, ಅದನ್ನು ಮರೆಯಬೇಡಿ. ಎರೆಮಣ್ಣಿನ ಮೇಲೆ ಜಾಕ್ ಹಚ್ಚಿದರೆ ಅದು ಗೊತ್ತಾಗದಂತೆ ಒಂದು ಕಡೆ ಇಳಿಯುತ್ತದೆ. ಅಡಿಗೆ ದಪ್ಪ ಫರಸಿಕಲ್ಲು ಹಾಸಿ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕೆ ಕಬ್ಬಿಣದ ಸ್ಟ್ಯಾಂಡ್ ಬೇಕು, ಇಲ್ಲವಾದರೆ ಗಟ್ಟಿ ಮರದ ದಿಮ್ಮಿ. ಇಟ್ಟಿಗೆ ಜೋಡಿಸಿ ಅದರ ಕೆಳಗೆ ನುಸುಳುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ಇಟ್ಟಿಗೆ ಒಡೆಯುವ ಮುನ್ನ ಸದ್ದು ಮಾಡಿ ಹೇಳುವುದಿಲ್ಲ. ಒಬ್ಬರೇ ಇರುವಾಗ ಗಾಡಿಯ ಕೆಳಗೆ ಹೋಗಲೇಬೇಡಿ. ಮನೆಯವರಿಗೆ ಹೇಳಿ ಹೋಗಿ.

ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಬಿಚ್ಚಿದ ಪ್ರತಿ ನಟ್ಟು ಬೋಲ್ಟನ್ನು ಡಬ್ಬಿಗೆ ಹಾಕಿ ಎಲ್ಲಿಯದೆಂದು ಚೀಟಿ ಬರೆದು ಅಂಟಿಸಿ. ನಾಳೆ ನೆನಪಿರುತ್ತದೆ ಎನ್ನಬೇಡಿ, ಇರುವುದಿಲ್ಲ. ಒಂದು ಕಡೆಯ ಕೆಲಸ ಮುಗಿಯದೆ ಇನ್ನೊಂದು ಕಡೆ ಬಿಚ್ಚಬೇಡಿ. ಮನೆಯಲ್ಲಿ ನಿಂತುಹೋದ ರಿಪೇರಿಗಳಲ್ಲಿ ಬಹುಪಾಲು ಎಲ್ಲವನ್ನೂ ಒಂದೇ ವಾರದಲ್ಲಿ ಬಿಚ್ಚಿ ಹರವಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮತ್ತೆ, ಅಡುಗೆಮನೆಯ ಬೋಗುಣಿಯಲ್ಲಿ ಸಾಮಾನು ತೊಳೆಯಬೇಡಿ. ಪೆಟ್ರೋಲಿನಲ್ಲಂತೂ ಎಲ್ಲಿಯೂ ತೊಳೆಯಬೇಡಿ. ಒಲೆಯಿಂದ, ದೇವರ ದೀಪದಿಂದ ದೂರ, ಬಯಲಿನಲ್ಲಿ, ಡೀಸೆಲ್ ಅಥವಾ ಸೀಮೆಎಣ್ಣೆ ಸಾಕು.

ತುಕ್ಕಿನ ವಿಷಯಕ್ಕೆ ಬರೋಣ. ಹೆರಾಲ್ಡಿಗೆ ಬೇರೆ ಚಾಸಿ ಇದೆ, ಬಾಡಿ ಅದರ ಮೇಲೆ ತುಂಡುತುಂಡಾಗಿ ಬೋಲ್ಟಿನಿಂದ ಕೂತಿದೆ. ಇದು ಮನೆಯಲ್ಲಿ ಕೆಲಸ ಮಾಡುವವರಿಗೆ ವರ. ಕೆಟ್ಟ ತುಂಡನ್ನಷ್ಟೇ ಬಿಚ್ಚಿ ಸರಿಮಾಡಬಹುದು. ಹೊರಗಿನ ತಗಡು ಕೊಳೆತಿದ್ದರೆ ಹೆದರಬೇಡಿ. ಹೆದರಬೇಕಾದದ್ದು ಚಾಸಿಯ ಮಧ್ಯದ ಎರಡು ತೊಲೆಗಳು ಮತ್ತು ಅವುಗಳಿಂದ ಪಕ್ಕಕ್ಕೆ ಚಾಚಿದ ತೋಳುಗಳು ಕೊಳೆತಿದ್ದರೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಕೊಳೆತದ್ದು ಥಡ್ ಎನ್ನುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಯಿತೆಂದರೆ ಅಲ್ಲಿ ಹೊಸ ಕಬ್ಬಿಣ ಬೇಕು. ಪುಟ್ಟಿ ಮೆತ್ತಿ ಮೇಲೆ ಕಪ್ಪು ಬಣ್ಣ ಬಳಿದರೆ ನಿಮಗೆ ನೀವೇ ಮೋಸ ಮಾಡಿಕೊಂಡ ಹಾಗೆ. ಮೇಲೆ ಥಳುಕು, ಒಳಗೆ ಹುಳುಕು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ನೀರಲ್ಲಿ ನಿಂತ ಗಾಡಿಯಾದರೆ ಚಾಸಿಯ ಪೊಳ್ಳಿನೊಳಗೆ ಇನ್ನೂ ರಾಡಿ ಕೂತಿರುತ್ತದೆ. ಗೇರ್‌ಬಾಕ್ಸು, ಹಿಂದಿನ ಆಕ್ಸಲಿನ ಎಣ್ಣೆ ಇಳಿಸಿ ನೋಡಿ. ಹಾಲು ಬೆರೆಸಿದ ಚಹಾದ ಬಣ್ಣ ಬಂದರೆ ನೀರು ಒಳಹೊಕ್ಕಿದೆ, ಬೇರಿಂಗು ನೋಡದೆ ಮುಂದೆ ಹೋಗಬೇಡಿ.

ಸಣ್ಣ ಕಬ್ಬಿಣದ ಸಾಮಾನುಗಳ ತುಕ್ಕು ಬಿಡಿಸಲು ನಮ್ಮ ನಾಡಿನಲ್ಲೇ ಮದ್ದಿದೆ, ಸಕ್ಕರೆ ಕಾರ್ಖಾನೆಯ ಕಾಕಂಬಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸಾಮಾನು ಮುಳುಗಿಸಿಟ್ಟರೆ ಒಂದೆರಡು ವಾರದಲ್ಲಿ ತುಕ್ಕು ಕರಗಿ ಕಬ್ಬಿಣ ಬೂದು ಬಣ್ಣಕ್ಕೆ ಬರುತ್ತದೆ. ಹೊರದೇಶದ ಹಳೆ ಕಾರಿನ ಹುಚ್ಚಿನವರೂ ಇದನ್ನೇ ಮಾಡುತ್ತಾರೆ. ತೆಗೆದ ಕೂಡಲೇ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು, ಇಲ್ಲದಿದ್ದರೆ ಮತ್ತೆ ಕೆಂಪಾಗುತ್ತದೆ. ಅಲ್ಯುಮಿನಿಯಂ ಸಾಮಾನು, ಕಾರ್ಬುರೇಟರು ಅದರಲ್ಲಿ ಹಾಕಬೇಡಿ, ತಿಂದುಬಿಡುತ್ತದೆ. ಡ್ರಮ್ಮಿಗೆ ಗಟ್ಟಿ ಮುಚ್ಚಳ ಇರಲಿ, ಜೇನು ನೊಣ ಮುತ್ತುತ್ತವೆ, ದನ ಬಾಯಿ ಹಾಕುತ್ತವೆ. ವಾಸನೆಯೂ ಬಲು ಕೆಟ್ಟದ್ದು, ಪಕ್ಕದ ಮನೆಯವರಿಗೆ ಮೊದಲೇ ಹೇಳಿಬಿಡಿ. ಕಾಕಂಬಿಗೆ ಅಬಕಾರಿ ಇಲಾಖೆಯ ಕಟ್ಟುಪಾಡಿದೆ, ಗುರುತಿನವರ ಲಾರಿಯಿಂದ ಬಸಿದುಕೊಂಡು ಬರುವ ಜಾಣತನ ಬೇಡ, ಸರಿಯಾದ ದಾರಿಯಲ್ಲಿ ಕೇಳಿ ತನ್ನಿ.

ಈಗ ಬ್ರೇಕು. ಇಲ್ಲಿ ನಾನು ಸ್ವಲ್ಪ ಗದರಿಯೇ ಹೇಳುತ್ತೇನೆ. ಎಂಜಿನ್ನು ಒಮ್ಮೆ ಗುಡುಗುಡು ಎಂದರೆ ಸಾಕು, ನೀವು ಕಾರನ್ನು ಓಣಿಗೆ ಇಳಿಸಿಬಿಡುತ್ತೀರಿ, ಹಿಂದೆ ಹುಡುಗರು ಓಡಿಬರುತ್ತಾರೆ. ನಿಲ್ಲಿಸುವುದು ಯಾರು? ಹೆರಾಲ್ಡಿನ ಬ್ರೇಕಿಗೆ ಎಣ್ಣೆಯ ದಾರಿ ಒಂದೇ. ನಾಲ್ಕರಲ್ಲಿ ಒಂದು ಚಕ್ರದ ಹತ್ತಿರ ಸೋರಿದರೂ ಪೆಡಲು ನೆಲಕ್ಕೆ ಹೋಗುತ್ತದೆ, ಈಗಿನ ಗಾಡಿಗಳ ಹಾಗೆ ಇನ್ನರ್ಧ ಉಳಿದು ಕಾಯುವುದಿಲ್ಲ. ಆದ್ದರಿಂದ ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕಿನ ರಬ್ಬರು, ಹೋಸು, ಕಬ್ಬಿಣದ ಕೊಳವೆ ಯಾವುದನ್ನೂ ನಂಬಬೇಡಿ. ಎಲ್ಲ ಹೊಸದು ಹಾಕಿ. ಮಾಸ್ಟರ್ ಸಿಲಿಂಡರು, ಚಕ್ರದ ಸಿಲಿಂಡರುಗಳ ಒಳಮೈ ಬೆರಳಿಗೆ ನುಣ್ಣಗೆ ಸಿಗಬೇಕು. ಗುಂಡಿಗುಂಡಿಯಾಗಿದ್ದರೆ ಹೊಸ ರಬ್ಬರು ಹಾಕಿದರೂ ಸೋರುತ್ತದೆ, ಲೇತಿನವರಿಗೆ ಕೊಟ್ಟು ಒಳಗೆ ಸ್ಲೀವ್ ಹಾಕಿಸಿ. ಬನಹಟ್ಟಿಯಲ್ಲಿ ಪವರ್‌ಲೂಮಿನ ಬಿಡಿಭಾಗ ಕಡೆಯುವ ಲೇತಿನ ಕೆಲಸಗಾರರಿದ್ದಾರೆ, ಕೂದಲೆಳೆಯ ಅಳತೆ ಅವರಿಗೆ ನಿತ್ಯದ ಕೆಲಸ. ಅಳತೆಯನ್ನು ಬಾಯಲ್ಲಿ ಹೇಳಬೇಡಿ, ಮಾದರಿ ಕೈಯಲ್ಲಿ ಕೊಡಿ.

ಬ್ರೇಕ್ ಎಣ್ಣೆ ಕಡಿಮೆಯಾಯಿತೆಂದು ಎಂಜಿನ್ ಆಯಿಲ್ ಸುರಿಯುವವರಿದ್ದಾರೆ. ದಯವಿಟ್ಟು ಬೇಡ. ರಬ್ಬರು ಉಬ್ಬಿ ಬ್ರೇಕು ಕಚ್ಚಿಕೊಳ್ಳುತ್ತದೆ, ಇಲ್ಲವೇ ಕೈಕೊಡುತ್ತದೆ. ಸೀಲ್ ಒಡೆಯದ ಬ್ರೇಕ್ ಫ್ಲೂಯಿಡ್ ಡಬ್ಬಿಯನ್ನೇ ತನ್ನಿ, ಅರ್ಧ ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡಬೇಡಿ, ಅದು ಗಾಳಿಯ ತೇವ ಹೀರುತ್ತದೆ. ಡ್ರಮ್ಮು ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಯಿಂದ ಊದಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತದೆ, ಅದರ ಧೂಳು ಪುಪ್ಪುಸಕ್ಕೆ ಹೋದರೆ ಹೊರಬರುವುದಿಲ್ಲ. ಮುಖಕ್ಕೆ ಮಾಸ್ಕ್ ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಬ್ರೇಕಿನಷ್ಟೇ ಮುಖ್ಯವಾದ, ಆದರೆ ನಮ್ಮ ಗ್ಯಾರೇಜುಗಳಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಹೆರಾಲ್ಡಿನಲ್ಲಿದೆ. ಮುಂದಿನ ಚಕ್ರವನ್ನು ಹಿಡಿದು ನಿಂತ ಕಂಬದ ತಳದಲ್ಲಿ ಹಿತ್ತಾಳೆ ಬಣ್ಣದ ಒಂದು ಗಟ್ಟಿ ಸಾಮಾನಿದೆ, ಟ್ರನಿಯನ್ ಎನ್ನುತ್ತಾರೆ. ಕಂಬದ ಕೆಳತುದಿಯಲ್ಲಿ ಆಟೆ ಇದೆ, ಅದು ಈ ಟ್ರನಿಯನ್ನಿನೊಳಗೆ ತಿರುಪಿನಂತೆ ಕೂತಿದೆ. ನೀವು ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಆಟೆ ಒಳಗೆ ತಿರುಗುತ್ತದೆ. ಅದಕ್ಕೆ ಬೇಕಾದದ್ದು ಇಪಿ 90 ಗೇರ್ ಎಣ್ಣೆ. ಮಿಸ್ತ್ರಿಗಳು ಉಳಿದೆಲ್ಲ ಕಡೆ ಹೊಡೆದಂತೆ ಅಲ್ಲಿಗೂ ಗ್ರೀಸ್ ಹೊಡೆಯುತ್ತಾರೆ. ಗ್ರೀಸು ಆಟೆಯ ಸಂದಿಗೆ ಪೂರ್ತಿ ಇಳಿಯುವುದಿಲ್ಲ, ಒಣಗಿ ಗಟ್ಟಿಯಾಗುತ್ತದೆ, ನೀರು ಒಳಗೆ ನಿಲ್ಲುತ್ತದೆ, ಕಂಬ ತುಕ್ಕು ಹಿಡಿದು ಒಂದು ದಿನ ಮುರಿಯುತ್ತದೆ. ಮುರಿದರೆ ಚಕ್ರ ಅಡ್ಡ ಮಲಗಿ ಕಾರು ಮೂತಿ ಊರುತ್ತದೆ. ನಿಂತಿದ್ದ ಗಾಡಿಯಲ್ಲಿ ಈ ಕಂಬ, ಟ್ರನಿಯನ್ ಎರಡನ್ನೂ ಬಿಚ್ಚಿ ಪರೀಕ್ಷಿಸದೆ ರಸ್ತೆಗೆ ಇಳಿಯಬೇಡಿ. ಆಮೇಲೂ 10,000 ಕಿ.ಮೀ. ಓಡುವವರೆಗೆ ಕಾಯದೆ ವರ್ಷಕ್ಕೊಮ್ಮೆ ಎಣ್ಣೆ ತುಂಬಿಸಿ. ಈ ಸಾಮಾನು ಬ್ರಿಟನ್ನಿನಲ್ಲಿ ಇಂದಿಗೂ ಹೊಸದು ಸಿಗುತ್ತದೆ. ಅಲ್ಲಿ ಟ್ರಯಂಫ್ ಸ್ಪೋರ್ಟ್ಸ್ ಸಿಕ್ಸ್ ಕ್ಲಬ್ ಎಂಬ ಸಂಘವೇ ಈ ವಂಶದ ಕಾರುಗಳಿಗಿದೆ. ಮದ್ರಾಸಿನ ಕಾರಿನಲ್ಲಿ ಕೆಲವು ಭಾಗ ಬೇರೆ ಇರುವುದರಿಂದ ತರಿಸುವ ಮುನ್ನ ಅಳತೆ ಹೋಲಿಸಿ ನೋಡಿ.

ಎಂಜಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಬಲ್ಲ ಮಿಸ್ತ್ರಿಗಳು ಬಹಳ ಜನ ಇದ್ದಾರೆ. ಒಂದೇ ಬೇಡಿಕೆ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡಬೇಡಿ. ಜಾಮಾದ ಪಿಸ್ಟನ್ ರಿಂಗು ಮುರಿಯುತ್ತವೆ, ಕಬ್ಬಿನ ಟ್ರ್ಯಾಕ್ಟರಿನ ಬಲಕ್ಕೆ ಹೆರಾಲ್ಡು ತಡೆಯುವುದಿಲ್ಲ. ಪ್ಲಗ್ಗು ಬಿಚ್ಚಿ, ತೂತಿನೊಳಗೆ ತೆಳು ಎಣ್ಣೆ ಹಾಕಿ ಕೆಲವು ದಿನ ಬಿಡಿ. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಿಂದ ಅತ್ತಿತ್ತ ಅಲ್ಲಾಡಿಸಿ. ಇವತ್ತು ಅಲುಗದಿದ್ದರೆ ನಾಳೆ. ತಾಳಿದವನು ಬಾಳಿಯಾನು. ರೇಡಿಯೇಟರಿಗೆ ಬೋರಿನ ಸವಳು ನೀರು ಹಾಕಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ.

ಪೆಟ್ರೋಲಿನ ಮಾತು ಮಾತ್ರ ಬಿಡಲಾಗದು. ಈ ಕಾರು ಹುಟ್ಟಿದಾಗ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು, ಅದು ವಾಲ್ವಿನ ಸೀಟನ್ನು ಕಾಯುತ್ತಿತ್ತು. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿದೆ. ಹೆಡ್ಡು ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟು ಹಾಕಿಸಿಬಿಡಿ. ಇನ್ನೊಂದು, ಈಗ ಬಂಕಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥೆನಾಲ್ ಇರುತ್ತದೆ. ನಮ್ಮ ಮುಧೋಳ, ಜಮಖಂಡಿ ಸೀಮೆಯ ಕಬ್ಬಿನಿಂದಲೂ ಆಗುವ ಎಥೆನಾಲ್ ಅದು. ಬೆಳೆಗಾರರಿಗೆ ಒಳ್ಳೆಯದು, ಆದರೆ ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡಿ ಬಿರಿಸುತ್ತದೆ, ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರು ಕೂಡಿಸುತ್ತದೆ. ಎಥೆನಾಲ್ ತಾಳುವ ಹೊಸ ಪೈಪು ಹಾಕಿ, ಕಾರ್ಬುರೇಟರಿನ ವಾಷರು ಬದಲಿಸಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಪೆಟ್ರೋಲು ಇಡಬೇಡಿ. ತೂತುಬಿದ್ದ ಟ್ಯಾಂಕನ್ನು ಖಾಲಿ ಇದೆಯಲ್ಲ ಎಂದು ವೆಲ್ಡಿಂಗಿಗೆ ಒಯ್ಯಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಆವಿ ಅಪಾಯ. ವೈರಿಂಗನ್ನು ಇಲಿ ಕಡಿದಿದ್ದರೆ ಟೇಪು ಸುತ್ತದೆ ಪೂರ್ತಿ ಹೊಸದು ಎಳೆಸಿ. ಈ ಕಾರಿನಲ್ಲಿ ಇಂದಿನಂತೆ ಒಂದೊಂದಕ್ಕೂ ಫ್ಯೂಜ್ ಇಲ್ಲ. ಬ್ಯಾಟರಿ ಜೋಡಿಸುವ ಮುನ್ನ ಬಾಡಿಗೆ ಯಾವ ತುದಿ ಹೋಗಿದೆ ನೋಡಿಕೊಳ್ಳಿ, ಆ ಕಾಲದ ಅನೇಕ ಬ್ರಿಟಿಷ್ ಮಾದರಿಗಳಲ್ಲಿ ಪ್ಲಸ್ ತುದಿ ಬಾಡಿಗೆ ಇರುತ್ತಿತ್ತು.

ಖರ್ಚು ಒಂದು ವಹಿಯಲ್ಲಿ ಬರೆಯುತ್ತಾ ಹೋಗಿ, ಮನೆಯವರಿಂದ ಮುಚ್ಚಿಡಬೇಡಿ. ಮಗಳ ಫೀಸಿನ ದುಡ್ಡಿನಲ್ಲಿ ಕ್ರೋಮ್ ಬಂಪರ್ ಮಾಡಿಸಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಈ ವರ್ಷ ಬ್ರೇಕು, ಮುಂದಿನ ವರ್ಷ ಎಂಜಿನ್ನು ಎಂದರೆ ಅದರಲ್ಲಿ ಅವಮಾನ ಏನೂ ಇಲ್ಲ.

ಹೆರಾಲ್ಡಿನ ಮಾಡು ಬೋಲ್ಟಿನಿಂದ ಕೂತಿರುವುದರಿಂದ ಅದನ್ನು ಕಿತ್ತು ತೆರೆದ ಸ್ಪೋರ್ಟ್ಸ್ ಕಾರು ಮಾಡುವ, ಬೇರೆ ಕಂಪನಿಯ ಎಂಜಿನ್ ಕೂರಿಸುವ, ಅಗಲ ಚಕ್ರ ಹಾಕುವ ಯೋಚನೆ ನಿಮ್ಮ ತಲೆಯಲ್ಲಿದ್ದರೆ ಅದನ್ನು ಬಿಡಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸದ ಗಾಡಿಗೆ ‘ವಿಎ’ ಅಕ್ಷರವಿರುವ ವಿಶೇಷ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ನಿಯಮ ಹೇಳಿದ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000. ಫಾರ್ಮ್ 20, ವಿಮೆ, ಹಳೆಯ ಆರ್‌ಸಿ ಬೇಕು. ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿ ಇಂಥವುಗಳಿಗೆ ಮಾತ್ರ ರಸ್ತೆಗೆ ತರಬಹುದು, ದಿನಾ ಸಂತೆಗೆ ಒಯ್ಯುವ ಹಾಗಿಲ್ಲ. 1971ರ ಹೆರಾಲ್ಡಿಗೂ ಈಗ 50 ದಾಟಿದೆ. ಇಂದು ಗ್ಯಾಸ್ ಕಟರ್ ಹಚ್ಚಿದರೆ ಆ ಗೌರವ ನೀವೇ ಕಳೆದುಕೊಳ್ಳುತ್ತೀರಿ. ಮೂಲ ರೂಪ ಹೇಗಿರಬೇಕೆಂದು ಕಣ್ಣಾರೆ ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೋ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಕಾರು ಸಂಗ್ರಹಾಲಯಕ್ಕೋ ಹೋಗಿ ಬನ್ನಿ.

ಇಷ್ಟೆಲ್ಲ ಆದ ಮೇಲೆ ಆ ಬಣ್ಣದ ಕಾರ್ಡು ಹೊರಗೆ ತೆಗೆಯಿರಿ. ಆದರೆ ಈಗಿನ ಗಟ್ಟಿ ಪಿಯು ಬಣ್ಣವನ್ನು ಮನೆಯಲ್ಲಿ ಸಿಂಪಡಿಸಬೇಡಿ, ಅದರ ಆವಿ ಉಸಿರಾಟಕ್ಕೆ ವಿಷ. ಬಣ್ಣದ ಕೋಣೆ ಇರುವ ಕಡೆ ಮಾಡಿಸಿ. ಹಳೆಯ ಬಣ್ಣ ಉಜ್ಜುವಾಗ ನೀರು ಹಾಕಿ ಉಜ್ಜಿ, ಅದರಲ್ಲಿ ಸೀಸ ಇರಬಹುದು. ಕಬ್ಬು ನುರಿಸುವ ಕಾಲದಲ್ಲಿ ಕಾರ್ಖಾನೆಯ ಬೂದಿ ಗಾಳಿಯಲ್ಲಿ ಹಾರುತ್ತದೆ, ಬನಹಟ್ಟಿಯ ಮಗ್ಗದ ಓಣಿಯಲ್ಲಿ ನೂಲಿನ ಎಳೆ ಹಾರುತ್ತದೆ, ಮಳೆಗಾಲದಲ್ಲಿ ತೇವ. ಸುಗ್ಗಿ ಮುಗಿದು ಮಳೆ ಬರುವ ಮುಂಚಿನ ದಿನಗಳೇ ಬಣ್ಣಕ್ಕೆ ಸರಿ.

ಮೊದಲ ಸಲ ರಸ್ತೆಗೆ ಇಳಿಸುವಾಗ ಟೈರಿನ ಪಕ್ಕ ಕೊರೆದಿರುವ ನಾಲ್ಕು ಅಂಕಿ ನೋಡಿ. 3521 ಎಂದರೆ 2021ರ 35ನೇ ವಾರ ತಯಾರಾದದ್ದು. ಗೀಟು ಎಷ್ಟೇ ಚೆನ್ನಾಗಿರಲಿ, ಹಳೆಯ ಟೈರು ಹಾಕಿಕೊಂಡು ಹೊರಡಬೇಡಿ. ತಿರುವಿನಲ್ಲಿ ವೇಗವಾಗಿ ಬಂದು ಫಕ್ಕನೆ ಕಾಲು ತೆಗೆಯಬೇಡಿ, ಹೆರಾಲ್ಡಿನ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳುವ ಜಾತಿಯದು. ಸೀಟ್ ಬೆಲ್ಟ್ ಹಾಕಿಸಿ, ಬೆಂಕಿ ಆರಿಸುವ ಡಬ್ಬಿ ಕಾಲ ಬಳಿ ಇರಲಿ. ಸುಗ್ಗಿಯ ರಾತ್ರಿಗಳಲ್ಲಿ ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರುಗಳು ರಸ್ತೆ ತುಂಬಾ ಇರುತ್ತವೆ, ಈ ಕಾರಿನ ಮಂದ ದೀಪಕ್ಕೆ ಅವು ಕಾಣುವುದಿಲ್ಲ. ಹಗಲಿನಲ್ಲೇ ಹೋಗಿ, ಹಗಲಿನಲ್ಲೇ ಮನೆಗೆ ಬನ್ನಿ.